ಗೇಟ್‌ಮೌತ್ ಬ್ರೌನ್ ಅವರನ್ನು ಯಾವ ಸಾಲಿನಲ್ಲಿ ಇಡಬೇಕು?

ಧ್ವನಿಸುರುಳಿ:

ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕಿತ್ತು.

ನಮ್ಮ ಸೋದರಮಾವ ಎಣ್ಣೆ ಹಡಗುಗಳಲ್ಲಿ ಇಂಜಿನಿಯರ್ ಆಗಿದ್ದವರು. ಈಗ ಮಂಗಳೂರಿನ ಮನೆಯಲ್ಲಿದ್ದಾರೆ. ಹಡಗು ನಿಂತ ಊರಲ್ಲೆಲ್ಲ ರೆಕಾರ್ಡು ಕೊಳ್ಳುವುದು ಅವರ ಅಭ್ಯಾಸವಾಗಿತ್ತು. ಮುನ್ನೂರಕ್ಕೂ ಜಾಸ್ತಿ ಎಲ್‌ಪಿಗಳಿವೆ. ಕಳೆದ ಮಳೆಗಾಲದಲ್ಲಿ ಕೆಲವು ಕವರುಗಳಿಗೆ ಬೂಷ್ಟು ಹಿಡಿಯಿತು. ಹಾಗಾಗಿ ಎಲ್ಲವನ್ನೂ ಒರೆಸಿ, ವಿಂಗಡಿಸಿ, ಹೊಸ ಕಪಾಟಿನಲ್ಲಿ ಜೋಡಿಸುವ ಕೆಲಸ ನಾನು ಒಪ್ಪಿಕೊಂಡಿದ್ದೇನೆ. ಕರ್ನಾಟಕ ಸಂಗೀತಕ್ಕೆ ಒಂದು ಸಾಲು, ಹಿಂದೂಸ್ತಾನಿಗೆ ಒಂದು, ಜಾಝ್, ಬ್ಲೂಸ್, ಕಂಟ್ರಿ ಹೀಗೆ.

ಒಬ್ಬರ ಹತ್ತಿರ ಬಂದು ಸಿಕ್ಕಿಕೊಂಡೆ. ಹೆಸರು ಕ್ಲಾರೆನ್ಸ್ ಗೇಟ್‌ಮೌತ್ ಬ್ರೌನ್. ಮಾವ ಟೆಕ್ಸಸ್‌ನ ಪೋರ್ಟ್ ಆರ್ಥರ್ ಬಂದರಿಗೆ ಹೋಗುತ್ತಿದ್ದ ದಿನಗಳಲ್ಲಿ ಕೊಂಡ ಮೂರು ರೆಕಾರ್ಡು ಇವೆ. ಒಂದು ‘ಆಲ್‌ರೈಟ್ ಅಗೇನ್’. ಗಿಟಾರ್ ಮತ್ತು ಕಹಳೆ ತಂಡ, ಜೋರು ಬ್ಲೂಸ್, ಅಂದರೆ ಅಮೆರಿಕದ ಕರಿಯ ಜನರ ಸಂಗೀತ. ಇನ್ನೊಂದು ‘ಮೇಕಿನ್ ಮ್ಯೂಸಿಕ್’, ಕಂಟ್ರಿ ಗಾಯಕ ರಾಯ್ ಕ್ಲಾರ್ಕ್ ಅವರ ಜೊತೆ ಮಾಡಿದ್ದು. ಮೂರನೆಯದು ಫ್ರಾನ್ಸ್‌ನಲ್ಲಿ ಹೊರಬಂದ ‘ಡೌನ್ ಸೌತ್ ಇನ್ ಬಯೂ ಕಂಟ್ರಿ’. ಅದರಲ್ಲಿ ಪಿಟೀಲು! ಲೂಸಿಯಾನಾದ ಕೇಜನ್ ಕುಣಿತದ ಹಾಡುಗಳ ಥರ ಕೇಳಿಸುತ್ತದೆ. ಮೂರನ್ನೂ ಒಂದೇ ಸಂಜೆ ಕೇಳಿದೆ. ಮೂರೂ ಒಬ್ಬರೇ ನುಡಿಸಿದ್ದು ಅಂತ ನಂಬುವುದಕ್ಕೇ ಆಗಲಿಲ್ಲ.

ಇವರು ಬ್ಲೂಸ್ ಕಲಾವಿದರಾ, ಕೇಜನ್ ಕಲಾವಿದರಾ? ಎಲ್ಲಿ ಇಡಲಿ? ಇವರ ಬಗ್ಗೆ ಗೊತ್ತಿರುವವರು ದಯವಿಟ್ಟು ಬರೆಯಿರಿ. ಎಷ್ಟು ಉದ್ದವಾದರೂ ಪರವಾಗಿಲ್ಲ.

ಗಿಟಾರ್ ಬೆರಳು:

ಸರ್, ಕಣ್ಣು ಮುಚ್ಚಿಕೊಂಡು ಬ್ಲೂಸ್ ಸಾಲಿನಲ್ಲಿ ಇಡಿ. ಯಾಕೆ ಅಂತ ಹೇಳುತ್ತೇನೆ.

1947ನೇ ಇಸವಿ. ಹ್ಯೂಸ್ಟನ್‌ನಲ್ಲಿ ಡಾನ್ ರೋಬಿ ಅವರ ಬ್ರಾಂಜ್ ಪೀಕಾಕ್ ಅನ್ನುವ ಕ್ಲಬ್ಬು. ಕರಿಯ ಜನರ ಕ್ಲಬ್ಬುಗಳಲ್ಲೇ ಬಹಳ ಹೆಸರಾದದ್ದು. ಆವತ್ತು ಟಿ-ಬೋನ್ ವಾಕರ್ ಅವರ ಕಛೇರಿ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಬ್ಲೂಸ್ ನುಡಿಸುವ ದಾರಿ ತೋರಿಸಿದವರೇ ಅವರು. ಹೊಟ್ಟೆ ಹುಣ್ಣಿನ ನೋವಿನಿಂದ ನಡುವೆಯೇ ಗಿಟಾರ್ ಕೆಳಗಿಟ್ಟು ಒಳಗೆ ಹೋದರು. ಸಭೆಯಲ್ಲಿ ಇಪ್ಪತ್ತಮೂರು ವರ್ಷದ ಬ್ರೌನ್ ಕೂತಿದ್ದರು. ಎದ್ದು ವೇದಿಕೆ ಹತ್ತಿದರು, ಟಿ-ಬೋನ್ ಅವರ ಗಿಟಾರನ್ನೇ ಎತ್ತಿಕೊಂಡರು, ನಿಂತಲ್ಲೇ ಒಂದು ಬೂಗಿ, ಅಂದರೆ ಕುಣಿಸುವ ವೇಗದ ಬ್ಲೂಸ್, ಕಟ್ಟಿ ನುಡಿಸಿದರು. ಹದಿನೈದು ನಿಮಿಷದಲ್ಲಿ ಜನ 600 ಡಾಲರ್ ಎಸೆದರು ಅಂತ ಆಮೇಲೆ ಅವರೇ ಹೇಳುತ್ತಿದ್ದರು. ಟಿ-ಬೋನ್ ಅವರಿಗೆ ಸಿಟ್ಟು ಬಂತು, ನನ್ನ ಗಿಟಾರ್ ಇನ್ನೊಮ್ಮೆ ಮುಟ್ಟಬೇಡ ಅಂದರು. ರೋಬಿ ಅವರಿಗೆ ಮಾತ್ರ ಈ ಹುಡುಗ ಯಾರು ಅನ್ನುವುದು ಅಲ್ಲೇ ತಿಳಿಯಿತು.

ಅದೇ ವರ್ಷ ಅಲಾಡಿನ್ ಕಂಪನಿಗೆ ಮೊದಲ ರೆಕಾರ್ಡುಗಳಾದವು. ಅವು ಅಷ್ಟು ಓಡಲಿಲ್ಲ. ಆಗ ರೋಬಿ 1949ರಲ್ಲಿ ಸ್ವಂತ ಪೀಕಾಕ್ ಕಂಪನಿಯನ್ನೇ ಶುರು ಮಾಡಿದರು. ಬ್ರೌನ್ ಅವರಿಗಾಗಿ ಹುಟ್ಟಿದ ಆ ಕಂಪನಿಯಿಂದಲೇ ಮುಂದೆ ಬಿಗ್ ಮಾಮಾ ಥಾರ್ನ್‌ಟನ್ ಅವರ ‘ಹೌಂಡ್ ಡಾಗ್’ ಹೊರಬಂತು.

1954ರ ‘ಓಕಿ ಡೋಕಿ ಸ್ಟಾಂಪ್’ ಕೇಳಿ. ಹಿಂದೆ ಪ್ಲೂಮಾ ಡೇವಿಸ್ ಅವರ ತಂಡದ ಕಹಳೆಗಳು, ಮುಂದೆ ಉಸಿರು ತೆಗೆದುಕೊಳ್ಳದೆ ಓಡುವ ಗಿಟಾರ್. ಹಾಡೇ ಇಲ್ಲ. ನಾನು ಗಿಟಾರ್ ಕಲಿಯಲು ಶುರು ಮಾಡಿದಾಗ ಇದನ್ನು ನುಡಿಸಬೇಕು ಅಂತ ಆರು ತಿಂಗಳು ಕೂತಿದ್ದೆ. ಸ್ವರಗಳು ಕೈಗೆ ಬಂದವು, ಆ ಸ್ವಿಂಗು ಬರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಅವರು ಮೀಟುಕಡ್ಡಿ ಬಳಸುತ್ತಿರಲಿಲ್ಲ, ಬರೀ ಬೆರಳಿನಲ್ಲಿ ಮೀಟುತ್ತಿದ್ದರು. ತಂತಿ ಸ್ವಲ್ಪ ಎಳೆದು ಬಿಟ್ಟಾಗ ಪಟ್ ಅಂತ ಬಡಿಯುತ್ತದಲ್ಲ, ಆ ಶಬ್ದ ಕಡ್ಡಿಯಿಂದ ಬರುವುದಿಲ್ಲ. ಗಿಟಾರ್ ಕತ್ತಿಗೆ ಕೇಪೋ, ಅಂದರೆ ಶ್ರುತಿ ಏರಿಸಲು ತಂತಿಗಳನ್ನು ಒತ್ತಿ ಹಿಡಿಯುವ ಹಿಡಿಕೆ, ಹಾಕುತ್ತಿದ್ದರು. ಹ್ಯೂಸ್ಟನ್‌ನ ಆಲ್ಬರ್ಟ್ ಕಾಲಿನ್ಸ್ ಅವರ ಕೈಯಲ್ಲೂ ಇದೇ ಬರೀ ಬೆರಳು, ಇದೇ ಕೇಪೋ ಕಾಣುತ್ತದೆ. ಜಾನಿ ಕೋಪ್‌ಲ್ಯಾಂಡ್, ಗಿಟಾರ್ ಸ್ಲಿಮ್ ಎಲ್ಲರೂ ಇವರ ನೆರಳಲ್ಲಿ ಬೆಳೆದವರು. ರಾಕ್ ಸಂಗೀತದ ಫ್ರಾಂಕ್ ಝಪ್ಪಾ ಕೂಡ ತಮಗೆ ಬೇಕಾದ ಗಿಟಾರ್ ವಾದಕರ ಹೆಸರು ಹೇಳುವಾಗ ಇವರನ್ನು ಸೇರಿಸುತ್ತಿದ್ದರು.

ಇಷ್ಟೆಲ್ಲ ಇದ್ದ ಮೇಲೆ ಬ್ಲೂಸ್ ಅಲ್ಲದೆ ಮತ್ತೇನು?

ಹ್ಯೂಸ್ಟನ್ ಕನ್ನಡಿಗ:

ಗಿಟಾರ್ ಬೆರಳು ಅವರೇ, ಕಥೆಯನ್ನು 1947ರಿಂದ ಶುರು ಮಾಡಿದಿರಿ. ಇವರ ವಿಷಯದಲ್ಲಿ 1924ರಿಂದಲೇ ಶುರು ಮಾಡಬೇಕು ಅಂತ ನನಗೆ ಅನ್ನಿಸುತ್ತದೆ.

ನಾನು ಹ್ಯೂಸ್ಟನ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲಿಂದ ಪೂರ್ವಕ್ಕೆ ಹೆದ್ದಾರಿ 10ರಲ್ಲಿ ಸುಮಾರು 110 ಮೈಲಿ ಹೋದರೆ ಆರೆಂಜ್ ಅನ್ನುವ ಊರು. ಅದು ಟೆಕ್ಸಸ್‌ನ ಕೊನೆ. ಸೇಬೀನ್ ನದಿ ದಾಟಿದರೆ ಲೂಸಿಯಾನಾ. ದಾಟಿ ಸ್ವಲ್ಪ ಮುಂದೆ ಹೋದರೆ ವಿಂಟನ್. ಬ್ರೌನ್ ಹುಟ್ಟಿದ್ದು ವಿಂಟನ್‌ನಲ್ಲಿ, 1924ರ ಏಪ್ರಿಲ್ 18ರಂದು. ಕೂಸಾಗಿದ್ದಾಗಲೇ ಮನೆಯವರು ಆರೆಂಜ್‌ಗೆ ಬಂದರು, ಅಲ್ಲೇ ಬೆಳೆದರು. ಅಂದರೆ ಹುಟ್ಟಿದ್ದು ನದಿಯ ಆ ದಡ, ಬೆಳೆದದ್ದು ಈ ದಡ.

ತಂದೆ ರೈಲ್ವೆ ಕೆಲಸಗಾರ. ವಾರವೆಲ್ಲ ದುಡಿದು, ವಾರದ ಕೊನೆಗೆ ಮನೆಮನೆಯ ಕೂಟಗಳಲ್ಲಿ ನುಡಿಸುತ್ತಿದ್ದರು. ಪಿಟೀಲು, ಬ್ಯಾಂಜೋ, ಅಕಾರ್ಡಿಯನ್ ಎಲ್ಲ ಬರುತ್ತಿತ್ತು. ನುಡಿಸುತ್ತಿದ್ದದ್ದು ಬ್ಲೂಸ್ ಅಲ್ಲ. ಕೇಜನ್ ಹಾಡು, ಕಂಟ್ರಿ ಹಾಡು, ಹಳೆಯ ಪಿಟೀಲು ಕುಣಿತಗಳು. ಮಗನಿಗೆ ಐದು ವರ್ಷಕ್ಕೆ ಗಿಟಾರ್ ಕೈಗೆ ಬಂತು, ಹತ್ತಕ್ಕೆ ಪಿಟೀಲು. ಅಪ್ಪ ಪಿಟೀಲು ಹಿಡಿದರೆ ಮಗ ಪಕ್ಕದಲ್ಲಿ ಗಿಟಾರ್ ಹಿಡಿದು ತಾಳ ಕೊಡುತ್ತಿದ್ದ. ಇವರ ಮೊದಲ ಗುರು ಟಿ-ಬೋನ್ ವಾಕರ್ ಅಲ್ಲ, ಅಪ್ಪ. ಇದನ್ನು ಬ್ರೌನ್ ಅವರೇ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ.

ಈ ಊರುಗಳಲ್ಲಿ ಇಷ್ಟು ಬಗೆಯ ಸಂಗೀತ ಯಾಕೆ ಸೇರಿತು ಅಂದರೆ ಎಣ್ಣೆಯಿಂದ. 1901ರಲ್ಲಿ ಬ್ಯೂಮಾಂಟ್ ಹತ್ತಿರ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಚಿಮ್ಮಿತು. ಬ್ಯೂಮಾಂಟ್, ಪೋರ್ಟ್ ಆರ್ಥರ್, ಆರೆಂಜ್ ಕಡೆ ಕೆಲಸ ಹುಡುಕಿಕೊಂಡು ಲೂಸಿಯಾನಾದ ಕೇಜನ್ ಜನ ಬಂದರು, ಫ್ರೆಂಚ್ ಮಾತಾಡುವ ಕರಿಯ ಕ್ರಿಯೋಲ್ ಜನ ಬಂದರು, ಟೆಕ್ಸಸ್‌ನ ಹಳ್ಳಿಯವರು ಬಂದರು. ಅವರವರ ವಾದ್ಯ ಅವರ ಜೊತೆಗೇ ಬಂತು. ಕೇಜನ್ನರ ಎಲ್ಲರ ಬಾಯಲ್ಲಿರುವ ‘ಜೋಲ್ ಬ್ಲಾನ್’ ಅನ್ನು 1946ರಲ್ಲಿ ಅಮೆರಿಕವೆಲ್ಲ ಕೇಳುವ ಹಾಗೆ ಮಾಡಿದ ಪಿಟೀಲುಗಾರ ಹ್ಯಾರಿ ಶೋಟ್ಸ್ ಬೆಳೆದದ್ದು ಪೋರ್ಟ್ ಆರ್ಥರ್‌ನಲ್ಲಿ, ರೆಕಾರ್ಡ್ ಮಾಡಿದ್ದು ಹ್ಯೂಸ್ಟನ್‌ನಲ್ಲಿ. ಬ್ರೌನ್ ಬೂಗಿ ನುಡಿಸಿ ಜನರನ್ನು ಎಬ್ಬಿಸಿದ ಊರಲ್ಲೇ, ಅದಕ್ಕೆ ಒಂದೇ ವರ್ಷ ಮೊದಲು!

ಧ್ವನಿಸುರುಳಿ ಸರ್, ನಿಮ್ಮ ಮಾವನ ಹಡಗು ನಿಲ್ಲುತ್ತಿದ್ದ ಬಂದರು ಇದೇ ಸೀಮೆಯದು. ಅವರು ಈ ರೆಕಾರ್ಡುಗಳನ್ನು ಕೊಂಡದ್ದು ಸರಿಯಾದ ಜಾಗದಲ್ಲೇ.

ಹೊಸ ಕೇಳುಗ:

ಚರ್ಚೆ ತುಂಬಾ ಚೆನ್ನಾಗಿದೆ. ಒಂದು ಸಣ್ಣ ಪ್ರಶ್ನೆ. ಕೇಜನ್ ಅಂದರೆ ಏನು? ಝೈಡಿಕೋ ಅಂತಲೂ ಕೇಳಿದ್ದೇನೆ. ಎರಡೂ ಒಂದೇನಾ?

ಅಕಾರ್ಡಿಯನ್ ಅಭಿಮಾನಿ:

ಒಂದೇ ಅಲ್ಲ, ಆದರೆ ಒಂದೇ ಓಣಿಯವು.

ಈಗಿನ ಕೆನಡಾದ ನೋವಾ ಸ್ಕೋಷಿಯಾ ಕಡೆ ಅಕೇಡಿಯಾ ಅಂತ ಫ್ರೆಂಚರ ಸೀಮೆ ಇತ್ತು. 1755ರಿಂದ ಬ್ರಿಟಿಷರು ಅಲ್ಲಿನ ಜನರನ್ನು ಒಕ್ಕಲೆಬ್ಬಿಸಿ ಹಡಗುಗಳಲ್ಲಿ ತುಂಬಿ ಕಳಿಸಿದರು. ಎಷ್ಟೋ ಮನೆಗಳು ಚೆಲ್ಲಾಪಿಲ್ಲಿಯಾದವು. ಅಲೆದಾಡಿ ಕೊನೆಗೆ ಬಹಳ ಜನ ಲೂಸಿಯಾನಾದ ಜೌಗು ಸೀಮೆಯಲ್ಲಿ ನೆಲೆ ನಿಂತರು. ಅಕೇಡಿಯನ್ ಅನ್ನುವುದು ಬಾಯಿಂದ ಬಾಯಿಗೆ ಸವೆದು ಕೇಜನ್ ಆಯಿತು. ಮೊದಲು ಅವರ ಮುಖ್ಯ ವಾದ್ಯ ಪಿಟೀಲು. ಗುಂಡಿ ಒತ್ತುವ ಸಣ್ಣ ಅಕಾರ್ಡಿಯನ್ ಬಂದದ್ದು ಆಮೇಲೆ.

ಅದೇ ಸೀಮೆಯ ಕರಿಯ ಕ್ರಿಯೋಲ್ ಜನ ಅದೇ ಭಾಷೆಯಲ್ಲಿ, ಅವೇ ವಾದ್ಯಗಳಲ್ಲಿ ತಮ್ಮ ಹಾಡು ಕಟ್ಟಿದರು. ಬ್ಲೂಸ್, ಆರ್ ಅಂಡ್ ಬಿ ಸೇರಿಕೊಂಡು ಅದು ಝೈಡಿಕೋ ಆಯಿತು. ಕ್ಲಿಫ್ಟನ್ ಶೆನಿಯೇ ಅದರ ದೊಡ್ಡ ಹೆಸರು.

ಈ ಎರಡರ ನಡುವೆ ಗೋಡೆ ಇತ್ತು ಅಂದುಕೊಳ್ಳಬೇಡಿ. 1929ರಲ್ಲಿ ಅಮೇದೇ ಆರ್ದ್ವಾ ಅನ್ನುವ ಕರಿಯ ಅಕಾರ್ಡಿಯನ್ ವಾದಕ, ಡೆನಿಸ್ ಮೆಗೀ ಅನ್ನುವ ಬಿಳಿಯ ಪಿಟೀಲುಗಾರ ಇಬ್ಬರೂ ಜೊತೆಗೆ ರೆಕಾರ್ಡ್ ಮಾಡಿದ್ದಾರೆ. ಆ ಕಾಲದ ಲೂಸಿಯಾನಾದಲ್ಲಿ ಇಬ್ಬರೂ ಒಟ್ಟಿಗೆ ಕೂತು ಊಟ ಮಾಡುವುದೂ ಕಷ್ಟವಿತ್ತು. ಆ ರೆಕಾರ್ಡು ಕೇಳುವಾಗ ಈಗಲೂ ನನ್ನ ಎದೆ ಭಾರವಾಗುತ್ತದೆ.

ಇನ್ನೊಂದು ಮಾತು. 1921ರ ಲೂಸಿಯಾನಾ ಸಂವಿಧಾನದಲ್ಲಿ ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕು ಅಂತ ಮಾಡಿದರು. ಶಾಲೆಯಲ್ಲಿ ಫ್ರೆಂಚ್ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ಬ್ರೌನ್ ಹುಟ್ಟಿದ್ದು ಅದಾಗಿ ಮೂರು ವರ್ಷಕ್ಕೆ. ಶಾಲೆಯಲ್ಲಿ ಬಾಯಿ ಮುಚ್ಚಿಸಿದ ಮಾತು ಮನೆಯ ಹಾಡುಗಳಲ್ಲಿ ಉಳಿಯಿತು.

ಹೊಸ ಕೇಳುಗ:

ತುಂಬಾ ಧನ್ಯವಾದ ಸರ್. ಆರ್ದ್ವಾ, ಮೆಗೀ ಇಬ್ಬರನ್ನೂ ಹುಡುಕಿ ಈಗಲೇ ಕೇಳುತ್ತಿದ್ದೇನೆ.

ಪಿಟೀಲು ವಿದ್ಯಾರ್ಥಿನಿ:

ನಾನು ಮೈಸೂರಿನಲ್ಲಿ ಕರ್ನಾಟಕ ಶೈಲಿಯ ಪಿಟೀಲು ಕಲಿಯುತ್ತಿದ್ದೇನೆ. ಬ್ಲೂಸ್ ಬಗ್ಗೆ ಏನೂ ಗೊತ್ತಿಲ್ಲ. ಇಲ್ಲಿ ಬರೆದದ್ದನ್ನು ಓದಿ ಎರಡು ದಿನದಿಂದ ಬ್ರೌನ್ ಅವರ ಪಿಟೀಲು ಮಾತ್ರ ಕೇಳುತ್ತಿದ್ದೇನೆ. ಕಿವಿಗೆ ಬಿದ್ದದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಮೊದಲು ಹಳೆಯ ಕೇಜನ್ ಪಿಟೀಲು ಕೇಳಿದೆ. ಅವರು ಒಂದು ತಂತಿಯಲ್ಲಿ ಹಾಡು ನುಡಿಸುವಾಗ ಪಕ್ಕದ ತಂತಿಯನ್ನೂ ಕಮಾನಿಗೆ ತಾಗಿಸಿಕೊಂಡೇ ಇರುತ್ತಾರೆ. ಆ ತಂತಿ ಶ್ರುತಿ ಪೆಟ್ಟಿಗೆಯ ಹಾಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಮೈಕು ಇಲ್ಲದ ಕಾಲದಲ್ಲಿ, ಕುಣಿಯುವವರ ಕಾಲಿನ ಸದ್ದಿನ ನಡುವೆ ಒಂಟಿ ತಂತಿ ಯಾರಿಗೆ ಕೇಳಿಸುತ್ತದೆ? ಹಾಗಾಗಿ ಎರಡು. ಅಕಾರ್ಡಿಯನ್‌ನ ಶ್ರುತಿ ಬದಲಾಯಿಸಲು ಬರುವುದಿಲ್ಲವಲ್ಲ, ಅದಕ್ಕೆ ಹೊಂದಲಿ ಅಂತ ಪಿಟೀಲಿನ ತಂತಿಗಳನ್ನೇ ಒಂದು ಸ್ವರ ಕೆಳಗೆ ಇಳಿಸಿಕೊಳ್ಳುತ್ತಾರೆ. ಇದು ಓದಿ ಖುಷಿಯಾಯಿತು. ನಾವೂ ಹಾಡುವವರ ಶ್ರುತಿಗೆ ತಂತಿ ಇಳಿಸುತ್ತೇವೆ, ಏರಿಸುತ್ತೇವೆ.

ಆಮೇಲೆ ಬ್ರೌನ್ ಅವರನ್ನು ಕೇಳಿದೆ. ಆ ಜೋಡಿ ತಂತಿ ಇಲ್ಲೂ ಇದೆ. ಆದರೆ ಕಮಾನು ಬೇರೆ. ಕೇಜನ್ ಹಿರಿಯರ ಕಮಾನು ಉಯ್ಯಾಲೆ ಥರ ಸಮನಾಗಿ ತೂಗುತ್ತದೆ. ಇವರದ್ದು ತಾಳಕ್ಕೆ ಸ್ವಲ್ಪ ಹಿಂದೆ ನಿಂತು, ಆಮೇಲೆ ಜಾರಿ ಬಂದು ಸೇರುತ್ತದೆ. ಸ್ವರದಿಂದ ಸ್ವರಕ್ಕೆ ಹೋಗುವಾಗ ಬೆರಳು ಎತ್ತದೆ ಜಾರುತ್ತಾರೆ. ನಮ್ಮ ಗುರುಗಳಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, ‘ಇದು ಕೊಳವೆ ಊದುವವರ ಉಸಿರು ಕಣಮ್ಮ, ಪಿಟೀಲಿನ ಉಸಿರಲ್ಲ’ ಅಂದರು. ಸ್ಯಾಕ್ಸೋಫೋನ್ ಬಗ್ಗೆ ನಾನು ಹೇಳಿರಲೇ ಇಲ್ಲ!

ಅಂದರೆ ಅಪ್ಪನ ಪಿಟೀಲು ಮತ್ತು ಕಹಳೆ ತಂಡದ ಬ್ಲೂಸ್ ಎರಡೂ ಒಂದೇ ಕೈಯಲ್ಲಿ ಸೇರಿವೆ ಅಂತ ನನ್ನ ತಿಳಿವಳಿಕೆ. ಸರಿನಾ?

ಗಿಟಾರ್ ಬೆರಳು:

ನಿಮ್ಮ ಗುರುಗಳಿಗೆ ನನ್ನ ನಮಸ್ಕಾರ ಹೇಳಿ. ಸರಿಯಾಗಿ ಹಿಡಿದಿದ್ದಾರೆ. ಬ್ರೌನ್ ಅವರಿಗೆ ಲೂಯಿ ಜೋರ್ಡನ್ ಅಂದರೆ ಪ್ರಾಣ. ಜೋರ್ಡನ್ ಸ್ಯಾಕ್ಸೋಫೋನ್ ಊದುತ್ತಲೇ ಹಾಡುತ್ತಿದ್ದವರು, 1940ರ ದಶಕದಲ್ಲಿ ಮನೆಮಾತಾಗಿದ್ದವರು. ಅವರ ಹಾಡುಗಳದ್ದೇ ಒಂದು ಇಡೀ ಆಲ್ಬಮ್ ಬ್ರೌನ್ 1970ರ ದಶಕದಲ್ಲಿ ಮಾಡಿದರು. ಕೌಂಟ್ ಬೇಸಿ, ಡ್ಯೂಕ್ ಎಲಿಂಗ್ಟನ್ ಅವರ ದೊಡ್ಡ ತಂಡಗಳನ್ನು ಕೇಳಿಕೊಂಡು ಬೆಳೆದವರು. ಗಿಟಾರ್‌ನಲ್ಲೂ ಕಹಳೆಯವರ ಹಾಗೆ ಮಾತು ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಶುರು ಮಾಡುತ್ತಾರೆ. ಗಿಟಾರ್, ಪಿಟೀಲು ಅಷ್ಟೇ ಅಲ್ಲ, ಮ್ಯಾಂಡೋಲಿನ್, ವಯೋಲಾ, ಮೌತ್ ಆರ್ಗನ್ ಕೂಡ ಬರುತ್ತಿತ್ತು. ಯೌವನದಲ್ಲಿ ಡ್ರಮ್ಸ್ ಬಾರಿಸಿ ದುಡಿದಿದ್ದರು. ಆ ತಾಳದ ಕಟ್ಟು ಅಲ್ಲಿಂದ ಬಂದಿರಬೇಕು.

ಆದರೂ ನನ್ನ ಮಾತು ಅದೇ. ಪಿಟೀಲು ಹಿಡಿದ ಮಾತ್ರಕ್ಕೆ ಕೇಜನ್ ಆಗುವುದಿಲ್ಲ. ಪೀಕಾಕ್ ಕಾಲದ ರೆಕಾರ್ಡುಗಳಲ್ಲಿ ಪಿಟೀಲು ಎಲ್ಲಿದೆ?

ಹ್ಯೂಸ್ಟನ್ ಕನ್ನಡಿಗ:

ಇಲ್ಲ ಅನ್ನುವುದೇ ನನ್ನ ದುಃಖ ಸರ್. ಪಿಟೀಲು ಅವರ ಕೈಯಲ್ಲಿ ಹತ್ತನೆಯ ವಯಸ್ಸಿನಿಂದಲೇ ಇತ್ತು. ಕರಿಯ ಯುವಕ ಚಂದದ ಸೂಟು ಹಾಕಿ ಗಿಟಾರ್ ಹಿಡಿದು ಬ್ಲೂಸ್ ಹಾಡಿದರೆ ಮಾರುಕಟ್ಟೆ ಇತ್ತು. ಪಿಟೀಲು ಹಿಡಿದರೆ ಅದು ಬಿಳಿಯರ ಹಳ್ಳಿ ಸಂಗೀತ, ಯಾರು ಕೊಳ್ಳುತ್ತಾರೆ ಅಂತ ಲೆಕ್ಕ. ಪೀಕಾಕ್‌ನ ಕೊನೆಗೆ, 1959ರಲ್ಲಿ, ‘ಜಸ್ಟ್ ಬಿಫೋರ್ ಡಾನ್’ ಬಂತು. ಅದರಲ್ಲಿ ಪಿಟೀಲು ನುಡಿಸಿದ್ದಾರೆ. ನಿಧಾನದ ಬ್ಲೂಸ್. ದಯವಿಟ್ಟು ರಾತ್ರಿ ಕೇಳಿ, ಹಗಲು ಬೇಡ. ಹತ್ತು ವರ್ಷ ಒಂದು ಕಂಪನಿಯಲ್ಲಿದ್ದು, ಅಪ್ಪ ಕಲಿಸಿದ ವಾದ್ಯ ಹೊರಗೆ ತೆಗೆಯುವ ಹೊತ್ತಿಗೆ ಅಲ್ಲಿನ ದಿನಗಳು ಮುಗಿದಿದ್ದವು.

ಅಕಾರ್ಡಿಯನ್ ಅಭಿಮಾನಿ:

ಮುಂದಿನ ಹತ್ತು ವರ್ಷದ ಕಥೆ ಕೇಳಿದರೆ ಬೇಸರವಾಗುತ್ತದೆ. 1966ರಲ್ಲಿ ಡಲ್ಲಾಸ್‌ನಲ್ಲಿ ಚಿತ್ರೀಕರಿಸಿದ ‘ದ ಬೀಟ್’ ಅನ್ನುವ ಟಿವಿ ಕಾರ್ಯಕ್ರಮದ ವಾದ್ಯ ತಂಡಕ್ಕೆ ಇವರೇ ಮುಂದಾಳು. ಬಣ್ಣದಲ್ಲಿ ತೆಗೆದದ್ದು. ಆ ತುಣುಕುಗಳು ಈಗಲೂ ನೋಡಲು ಸಿಗುತ್ತವೆ, ಬಿಡಬೇಡಿ. ನ್ಯಾಶ್‌ವಿಲ್‌ನಲ್ಲಿ ಸ್ವಲ್ಪ ಕಾಲ ಕಂಟ್ರಿ ಸಂಗೀತದ ಪ್ರಯತ್ನ ಮಾಡಿದರು. ಕೊನೆಗೆ ನ್ಯೂ ಮೆಕ್ಸಿಕೋದಲ್ಲಿ ಡೆಪ್ಯುಟಿ ಶೆರಿಫ್ ಆಗಿ, ಅಂದರೆ ಪೊಲೀಸ್ ಕೆಲಸದಲ್ಲಿ ಇದ್ದರು. ‘ಓಕಿ ಡೋಕಿ ಸ್ಟಾಂಪ್’ ನುಡಿಸಿದ ಬೆರಳುಗಳು!

ತಿರುವು ಬಂದದ್ದು ಯುರೋಪಿನಿಂದ. 1971ರಿಂದ ಅಲ್ಲಿ ಮತ್ತೆ ಮತ್ತೆ ಪ್ರವಾಸ ಮಾಡಿದರು. ಫ್ರಾನ್ಸ್‌ನ ಕಂಪನಿಗಳು ಒಂದರ ಹಿಂದೆ ಒಂದು ಆಲ್ಬಮ್ ಮಾಡಿಸಿದವು. ಧ್ವನಿಸುರುಳಿ ಸರ್ ಬಳಿ ಇರುವ ‘ಬಯೂ ಕಂಟ್ರಿ’ ಆ ಕಾಲದ್ದು. ಅಲ್ಲಿ ಯಾರೂ ಇವರ ಕೈಯಿಂದ ಪಿಟೀಲು ಕಿತ್ತುಕೊಳ್ಳಲಿಲ್ಲ. ಫ್ರೆಂಚ್ ಮಾತಿನ ಜೊತೆ ಅಮೆರಿಕಕ್ಕೆ ಬಂದು, ಜೌಗಿನಲ್ಲಿ ಬೆಳೆದ ಸಂಗೀತ. ಅದರ ರೆಕಾರ್ಡಿಗೆ ಜಾಗ ಸಿಕ್ಕಿದ್ದು ಮತ್ತೆ ಫ್ರಾನ್ಸ್‌ನಲ್ಲಿ. ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ಅಮೆರಿಕ ಸರ್ಕಾರವೇ ಇವರನ್ನು ಸಂಗೀತದ ರಾಯಭಾರಿಯಾಗಿ ಕಳಿಸಿತು. ಪೂರ್ವ ಆಫ್ರಿಕಾಕ್ಕೆ ಹೋದರು. 1979ರಲ್ಲಿ ಸೋವಿಯತ್ ದೇಶದಲ್ಲಿ ಆರು ವಾರ ನುಡಿಸಿದರು. ಶೀತಲ ಸಮರದ ನಡುವೆ ಮಾಸ್ಕೋ ಕಡೆಯವರಿಗೆ ಕೌಬಾಯ್ ಟೋಪಿ, ಬೂಟು ಹಾಕಿದ ಕರಿಯ ಮನುಷ್ಯ ಪಿಟೀಲು ನುಡಿಸಿದ್ದಾರೆ. ಆ ಹೊತ್ತಿಗೇ ರಾಯ್ ಕ್ಲಾರ್ಕ್ ಅವರ ಜೊತೆಗಿನ ಆಲ್ಬಮ್ ಬಂತು. ಕ್ಲಾರ್ಕ್ ನಡೆಸುತ್ತಿದ್ದ ‘ಹೀ ಹಾ’ ಅನ್ನುವ ಕಂಟ್ರಿ ಸಂಗೀತದ ಟಿವಿ ಕಾರ್ಯಕ್ರಮದಲ್ಲೂ ಕಾಣಿಸಿಕೊಂಡರು.

ಕಪ್ಪು ಮಣ್ಣು:

ಇದುವರೆಗೆ ಸುಮ್ನೆ ಓದುತ್ತಿದ್ದೆ. ನನಗೆ ಒಂದು ನೋವಿದೆ, ಹೇಳಲೇಬೇಕು.

ನಾನು ಮಿಸಿಸಿಪಿ ಡೆಲ್ಟಾದ ಬ್ಲೂಸ್ ಕೇಳುವವನು. ಹತ್ತಿ ಹೊಲದಲ್ಲಿ ಬೆನ್ನು ಮುರಿದು ದುಡಿದವರ ಹಾಡು ಅದು. ಬ್ರೌನ್ ಅವರು ಆ ಬ್ಲೂಸನ್ನು ಸಂದರ್ಶನಗಳಲ್ಲಿ ಬಾರಿ ಬಾರಿ ಟೀಕಿಸಿದ್ದಾರೆ. ಅದು ಬರೀ ದುಃಖದ್ದು, ಜನರನ್ನು ಕೆಳಕ್ಕೆ ಎಳೆಯುತ್ತದೆ ಅನ್ನುವ ಅರ್ಥದಲ್ಲಿ. ತಮ್ಮನ್ನು ಬ್ಲೂಸ್ ಗಾಯಕ ಅಂದರೆ ಸಿಟ್ಟಾಗುತ್ತಿದ್ದರು. ತಮ್ಮದು ‘ಅಮೆರಿಕನ್ ಸಂಗೀತ, ಟೆಕ್ಸಸ್ ಶೈಲಿ’ ಅನ್ನುತ್ತಿದ್ದರು. 1999ರ ಒಂದು ಆಲ್ಬಮ್ಮಿಗೆ ಅದೇ ಹೆಸರು ಇಟ್ಟರು. ಅವರ ಕೈಚಳಕಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಅಷ್ಟು ನೊಂದವರ ಹಾಡನ್ನು ಹಾಗೆ ತಳ್ಳಿಹಾಕಬಾರದಿತ್ತು.

ಗಿಟಾರ್ ಬೆರಳು:

ನಿಮ್ಮ ನೋವು ಅರ್ಥವಾಗುತ್ತದೆ. ನನಗೂ ಆ ಮಾತುಗಳು ಇಷ್ಟವಿಲ್ಲ. ಡೆಲ್ಟಾದಿಂದ ಬಂದ ಮಡ್ಡಿ ವಾಟರ್ಸ್ ಹಾಡುವಾಗ ದುಃಖ ಮಾತ್ರ ಕೇಳಿಸುತ್ತದೆ ಅನ್ನುವುದು ಸರಿಯಲ್ಲ. ಅಲ್ಲಿ ಎಷ್ಟು ಗತ್ತು ಇದೆ!

ಹ್ಯೂಸ್ಟನ್ ಕನ್ನಡಿಗ:

ಕಪ್ಪು ಮಣ್ಣು ಅವರೇ, ನೀವು ಹೇಳಿದ್ದು ನಿಜ. ಅವರ ಮಾತು ಒರಟಾಗಿತ್ತು. ಅದನ್ನು ಮುಚ್ಚಿಡಬೇಕಿಲ್ಲ.

ಆದರೆ ಆ ಸಿಟ್ಟು ಎಲ್ಲಿಂದ ಬಂತು ಅಂತ ಯೋಚಿಸಿದ್ದೇನೆ. ಕರಿಯ ಕಲಾವಿದ ಅಂದರೆ ಬ್ಲೂಸ್, ಬ್ಲೂಸ್ ಅಂದರೆ ಅಳು, ಇಷ್ಟೇ ನಿನ್ನಿಂದ ಆಗುವುದು ಅಂತ ಕಂಪನಿಯವರು, ಪತ್ರಿಕೆಯವರು, ಅಂಗಡಿಯವರು ಐವತ್ತು ವರ್ಷ ಹೇಳಿದರು. ಆ ಮನುಷ್ಯನ ಮನೆಯಲ್ಲಿ ಇದ್ದದ್ದು ಕುಣಿತದ ಪಿಟೀಲು. ಅಪ್ಪ ರೈಲ್ವೆಯಲ್ಲಿ ದುಡಿದು ಬಂದು ಜನರನ್ನು ಕುಣಿಸುತ್ತಿದ್ದರು. ಅದನ್ನು ನಿನ್ನದಲ್ಲ, ಬಿಳಿಯರದ್ದು ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅವರು ಹೊಡೆದದ್ದು ಆ ಹಣೆಪಟ್ಟಿಗೆ. ಏಟು ಬಿದ್ದದ್ದು ಡೆಲ್ಟಾದವರಿಗೆ. ಅದು ಅನ್ಯಾಯ, ಒಪ್ಪುತ್ತೇನೆ.

1983ರಲ್ಲಿ ‘ಆಲ್‌ರೈಟ್ ಅಗೇನ್’ ಆಲ್ಬಮ್ಮಿಗೆ ಗ್ರ್ಯಾಮಿ ಬಂತು. ವಿಭಾಗದ ಹೆಸರು ಸಾಂಪ್ರದಾಯಿಕ ಬ್ಲೂಸ್. ಆ ವಿಭಾಗವನ್ನು ಶುರು ಮಾಡಿದ ವರ್ಷವೇ ಅದು, ಮೊದಲು ಪಡೆದವರೇ ಇವರು. 1999ರಲ್ಲಿ ಬ್ಲೂಸ್ ಹಾಲ್ ಆಫ್ ಫೇಮ್‌ಗೂ ಸೇರಿಸಿದರು. ಗೌರವ ಬಂದಾಗಲೆಲ್ಲ ಆ ಬ್ಲೂಸ್ ಹಣೆಪಟ್ಟಿಯ ಜೊತೆಗೇ ಬಂತು.

ಕಪ್ಪು ಮಣ್ಣು:

ಹೀಗೆ ಯೋಚಿಸಿರಲಿಲ್ಲ. ಪೂರ್ತಿ ಒಪ್ಪಿದೆ ಅಂತ ಹೇಳಲಾರೆ, ಆದರೆ ಇನ್ನೊಮ್ಮೆ ಕೇಳುತ್ತೇನೆ. ಗೇಟ್‌ಮೌತ್ ಅಂತ ಹೆಸರು ಹೇಗೆ ಬಂತು?

ಅಕಾರ್ಡಿಯನ್ ಅಭಿಮಾನಿ:

ಹೈಸ್ಕೂಲಿನ ಮೇಷ್ಟರೊಬ್ಬರು, ನಿನ್ನ ದನಿ ಗೇಟಿನ ಹಾಗಿದೆ ಅಂದರಂತೆ. ಅದೇ ನಿಂತಿತು. ಅವರ ಅಣ್ಣತಮ್ಮಂದಿರಲ್ಲಿ ಜೇಮ್ಸ್ ಕೂಡ ಗಿಟಾರ್ ನುಡಿಸುತ್ತಿದ್ದರು, ಅವರಿಗೆ ವೈಡ್‌ಮೌತ್ ಅಂತ ಹೆಸರು.

ಪಿಟೀಲು ವಿದ್ಯಾರ್ಥಿನಿ:

ಕೊನೆಯ ದಿನಗಳ ಬಗ್ಗೆ ಯಾರಾದರೂ ಬರೆಯುತ್ತೀರಾ? ಚಂಡಮಾರುತದ ವಿಷಯ ಎಲ್ಲೋ ಓದಿದೆ.

ಹ್ಯೂಸ್ಟನ್ ಕನ್ನಡಿಗ:

ಬರೆಯುತ್ತೇನೆ ತಂಗಿ.

ಆಗ ಅವರು ನ್ಯೂ ಆರ್ಲಿಯನ್ಸ್ ಹತ್ತಿರ, ಪಾಂಚಟ್ರೇನ್ ಸರೋವರದ ಆಚೆ ಸ್ಲೈಡೆಲ್‌ನಲ್ಲಿ ಇದ್ದರು. 2004ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಗೊತ್ತಾಯಿತು. ಚಿಕಿತ್ಸೆ ಬೇಡ ಅಂದರು, ನುಡಿಸುತ್ತಲೇ ಇದ್ದರು. ಅದೇ ವರ್ಷ ‘ಟೈಮ್‌ಲೆಸ್’ ಅನ್ನುವ ಆಲ್ಬಮ್ ಕೂಡ ಬಂತು. 2005ರ ಆಗಸ್ಟ್ 29ರಂದು ಕತ್ರೀನಾ ಅಪ್ಪಳಿಸಿತು. ಅದಕ್ಕೆ ಮೊದಲೇ ಅವರನ್ನು ಆರೆಂಜ್‌ಗೆ, ಬೆಳೆದ ಊರಿಗೆ ಕರೆತಂದಿದ್ದರು. ಸ್ಲೈಡೆಲ್‌ನ ಮನೆ ಉಳಿಯಲಿಲ್ಲ. ಮನೆ ಹೋದ ಸುದ್ದಿ ಕೇಳಿ ಅವರು ಕುಗ್ಗಿಹೋದರು ಅಂತ ಹತ್ತಿರದವರು ಹೇಳಿದ್ದಾರೆ. ಸೆಪ್ಟೆಂಬರ್ 10ರಂದು ಆರೆಂಜ್‌ನಲ್ಲೇ, ಬಂಧುಗಳ ಮನೆಯಲ್ಲಿ ತೀರಿಕೊಂಡರು. 81 ವರ್ಷ.

ಹಾಲಿವುಡ್ ಅನ್ನುವ ಸ್ಮಶಾನದಲ್ಲಿ ಮಣ್ಣು ಮಾಡಿದರು. ಮೂರು ವರ್ಷಕ್ಕೆ, 2008ರ ಸೆಪ್ಟೆಂಬರ್‌ನಲ್ಲಿ, ಐಕ್ ಚಂಡಮಾರುತ ಬಂತು. ಆರೆಂಜ್ ನೀರಲ್ಲಿ ಮುಳುಗಿತು. ನೆಲ ಸಡಿಲವಾಗಿ ಅವರ ಶವಪೆಟ್ಟಿಗೆ ಮೇಲೆ ತೇಲಿ ಬಂತು. ಆಮೇಲೆ ಮತ್ತೆ ಮಣ್ಣು ಮಾಡಿ, ಸಮಾಧಿ ಸರಿಪಡಿಸಿ, ಕಲ್ಲು ನಿಲ್ಲಿಸಿದರು. ಟೆಕ್ಸಸ್ ರಾಜ್ಯದ ಇತಿಹಾಸ ಆಯೋಗದ ಫಲಕವೂ ಅಲ್ಲಿದೆ.

ನಾನು ಅಲ್ಲಿಗೆ ಒಮ್ಮೆ ಹೋಗಿದ್ದೆ, ಮಗಳನ್ನು ಕರೆದುಕೊಂಡು. ಅವಳು ಇಲ್ಲಿನ ಶಾಲೆಯ ವಾದ್ಯ ತಂಡದಲ್ಲಿ ವಯೋಲಾ ನುಡಿಸುತ್ತಾಳೆ. ಫಲಕವನ್ನು ಪೂರ್ತಿ ಓದಿ, ‘ಅಪ್ಪ, ಇವರಿಗೆ ಇಷ್ಟೊಂದು ವಾದ್ಯ ಯಾರು ಕಲಿಸಿದರು?’ ಅಂತ ಕೇಳಿದಳು. ಕಾರಿನಲ್ಲಿ ವಾಪಸ್ಸು ಬರುವಾಗ ಎರಡು ಗಂಟೆ ಅವರ ತಂದೆಯ ಕಥೆಯನ್ನೇ ಹೇಳಿದೆ.

ಹೊಸ ಕೇಳುಗ:

ಓದಿ ಕಣ್ಣು ತುಂಬಿತು. ರಾತ್ರಿ ‘ಜಸ್ಟ್ ಬಿಫೋರ್ ಡಾನ್’ ಕೇಳಿದೆ, ನೀವು ಹೇಳಿದ ಹಾಗೆ ದೀಪ ಆರಿಸಿ. ಮೂರು ಸಲ.

ಧ್ವನಿಸುರುಳಿ:

ನಿಮ್ಮೆಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಎಲ್ಲವನ್ನೂ ಪ್ರಿಂಟ್ ತೆಗೆದು ಮಾವನ ಮುಂದೆ ಕೂತು ಓದಿ ಹೇಳಿದೆ. ಅವರಿಗೆ ಈಗ ಕಿವಿ ಸ್ವಲ್ಪ ಮಂದ, ಜೋರಾಗಿ ಓದಬೇಕು. ಹ್ಯಾರಿ ಶೋಟ್ಸ್ ಹೆಸರು ಬಂದಾಗ ಕೈ ಎತ್ತಿ ನಿಲ್ಲಿಸಿದರು. ಪೋರ್ಟ್ ಆರ್ಥರ್‌ನ ಅಂಗಡಿಯವನು ಆವತ್ತು ಆ ಹಾಡನ್ನೇ ಮೊದಲು ಹಾಕಿದ್ದನಂತೆ. ಇವರು ಪಿಟೀಲು ಚೆನ್ನಾಗಿದೆ ಅಂದರಂತೆ. ‘ಹಾಗಾದರೆ ನಮ್ಮ ಗೇಟ್ ಅವರದ್ದೂ ಕೇಳಿ’ ಅಂತ ಅವನು ಒಳಗಿನಿಂದ ಫ್ರೆಂಚ್ ರೆಕಾರ್ಡು ತಂದುಕೊಟ್ಟನಂತೆ. ಉಳಿದ ಎರಡು ಮುಂದಿನ ಪ್ರಯಾಣಗಳಲ್ಲಿ ಕೊಂಡದ್ದು. ನಲವತ್ತು ವರ್ಷದ ಮೇಲಾಯಿತು, ಈ ವಿಷಯ ನಮಗೆ ಯಾರಿಗೂ ಹೇಳಿರಲಿಲ್ಲ.

ಯಾವ ಸಾಲಿನಲ್ಲಿ ಇಡಲಿ ಮಾವ, ಬ್ಲೂಸಾ, ಕೇಜನ್ನಾ, ಕಂಟ್ರಿನಾ ಅಂತ ಕೇಳಿದೆ. ಅವರು ಎದ್ದು ಬಂದು ಮೂರನ್ನೂ ನನ್ನ ಕೈಯಿಂದ ತೆಗೆದುಕೊಂಡು, ಚೌಡಯ್ಯನವರ ರೆಕಾರ್ಡುಗಳ ಪಕ್ಕ ಜಾಗ ಮಾಡಿ ಇಟ್ಟರು. ಅಲ್ಲೇ ಇವೆ.

ಈ ವಾರ ಹಿಂದೂಸ್ತಾನಿ ಸಾಲು ಶುರು ಮಾಡುತ್ತೇನೆ. ಬೂಷ್ಟು ಹಿಡಿದ ಕವರನ್ನು ಬಣ್ಣ ಹೋಗದ ಹಾಗೆ ಒರೆಸುವುದು ಹೇಗೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ.